ಆಳಂದದಿಂದ ವಿಧಾನಸೌಧಕ್ಕೆ: ಶ್ರೀ ವೀರೇಂದ್ರ ಪಾಟೀಲರು

ಆಳಂದ ಸೀಮೆಯ ಅಮರಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯು ಮುಂದೆ ಜೇವರ್ಗಿಯ ಹೊಲಗಳ ಅಂಚಿನಲ್ಲಿ ಹರಿದು ಕೃಷ್ಣೆಯತ್ತ ಸಾಗುತ್ತದೆ. ಈ ಮೂರು ತಾಲೂಕುಗಳ ನೆಲವು ಶರಣರ ನೆನಪಿನಿಂದ ತುಂಬಿದೆಯೆಂಬುದು ಸದ್ಭಕ್ತರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಏಕಾಂತದ ರಾಮಯ್ಯನು ಆಳಂದೆಯವನು. ಅಖಂಡೇಶ್ವರನ ಅಂಕಿತದಿಂದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರು. ಕಲಬುರಗಿಯಲ್ಲಿ ದಾಸೋಹವನ್ನೇ ಬಾಳಾಗಿಸಿಕೊಂಡ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ. ಇಂಥ ಸೀಮೆಯು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತನ್ನ ಮತಗಳನ್ನಿತ್ತು ಒಬ್ಬ ತರುಣ ವಕೀಲನನ್ನು ಶಾಸನಸಭೆಗೆ ಕಳುಹಿಸಿತು. ಆತನು ಮುಂದೆ ಎರಡು ಬಾರಿ ನಾಡಿನ ಮುಖ್ಯಮಂತ್ರಿಯಾದನು. ಎರಡು ಬಾರಿಯೂ ಅವಧಿ ತುಂಬುವ ಮೊದಲೇ ಪದವಿಯನ್ನು ಬಿಟ್ಟು ಇಳಿಯಬೇಕಾಯಿತು. ಆ ವಕೀಲರೇ ಶ್ರೀ ವೀರೇಂದ್ರ ಪಾಟೀಲರು.

ಪಾಟೀಲರ ಜನ್ಮಸ್ಥಳವು ಈ ಮೂರು ತಾಲೂಕುಗಳಲ್ಲಿ ಯಾವುದೂ ಅಲ್ಲ. ಅದೇ ಜಿಲ್ಲೆಯ ಪೂರ್ವದಂಚಿನ ಚಿಂಚೋಳಿ. ಕಾಡು, ಗುಡ್ಡ, ಜೋಳ ತೊಗರಿಗಳ ಹೊಲ, ಗಡಿಯಾಚೆ ತೆಲುಗು ಮಾತು. ಇದು ಆ ಊರಿನ ಸುತ್ತಣ ನೋಟ. ೧೯೨೪ನೆಯ ಇಸವಿ ಫೆಬ್ರವರಿ ೨೮ರಂದು ಅಲ್ಲಿಯ ವೀರಶೈವ ಮನೆತನವೊಂದರಲ್ಲಿ ಅವರು ಹುಟ್ಟಿದಾಗ ಕಲಬುರಗಿ ಜಿಲ್ಲೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮನೆಯ ಮಾತು ಕನ್ನಡ, ಸಂತೆಯ ಮಾತು ಕನ್ನಡ, ಆದರೆ ಕಚೇರಿಯ ಮಾತು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣವೆಲ್ಲ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಕಲಬುರಗಿ, ಬೀದರ, ರಾಯಚೂರು ಕಡೆಯ ಕನ್ನಡದ ಹುಡುಗರು ಪದವಿ ಪಡೆಯಬೇಕಾದರೆ ಹೈದರಾಬಾದಿಗೆ ಹೋಗಿ ಆ ಭಾಷೆಯನ್ನು ಒಲಿಸಿಕೊಳ್ಳಲೇಬೇಕು. ಪಾಟೀಲರೂ ಉಸ್ಮಾನಿಯಾದಲ್ಲಿ ಕಲಿತು ಬಿ.ಎ., ಎಲ್‌ಎಲ್.ಬಿ. ಪದವೀಧರರಾದರು.

ಆ ಕಾಲದ ಒಕ್ಕಲಿಗನ ಪಾಡನ್ನು ನೆನೆದರೆ ವಕೀಲನೆಂಬವನ ಬೆಲೆ ತಿಳಿದೀತು. ತನ್ನ ಹೊಲದ ಮೇಲೆ ಬಂದ ದಾವೆಯ ಕಾಗದವನ್ನು ಆತನು ಓದಲಾರ. ತೀರ್ಪು ಬಂದರೆ ಅದನ್ನೂ ಓದಲಾರ. ಗೆದ್ದೆನೋ ಸೋತೆನೋ ಎಂಬುದನ್ನು ಇನ್ನೊಬ್ಬರ ಬಾಯಿಂದಲೇ ಕೇಳಿ ತಿಳಿಯಬೇಕು. ಮೇಲಿನ ಅಪೀಲಾದರೆ ಹೈದರಾಬಾದಿನ ಹಾದಿ ಹಿಡಿಯಬೇಕು. ಸಂಸ್ಥಾನದ ನೆಲವೆಲ್ಲವೂ ಸರ್ಕಾರಕ್ಕೆ ನೇರವಾಗಿ ಸೇರಿದ್ದೂ ಅಲ್ಲ. ಅದರ ಒಂದು ಭಾಗವು ಜಹಗೀರದಾರರು, ಪಾಯಗಾ ಒಡೆಯರು, ಇನಾಮದಾರರು ಎಂಬ ಹಲವು ಧಣಿಗಳ ಕೈಕೆಳಗೆ ಹರಿದು ಹಂಚಿಹೋಗಿತ್ತು. ಇಂಥಲ್ಲಿ ಉರ್ದುವನ್ನೂ ಕಾಯಿದೆಯನ್ನೂ ಬಲ್ಲ, ಕನ್ನಡದಲ್ಲಿ ರೈತನ ಸುಖದುಃಖ ಕೇಳಬಲ್ಲ ವಕೀಲನು ಬರಿಯ ವೃತ್ತಿಗಾರನಾಗಿರದೆ ಮೂಕನಿಗೆ ನಾಲಗೆಯಾಗಿದ್ದನು. ಕಲಬುರಗಿಯ ವಕೀಲರ ಬಳಗದಿಂದ ಅಷ್ಟೊಂದು ಮಂದಿ ರಾಜಕಾರಣಕ್ಕೆ ಬಂದದ್ದು ಇದರಿಂದಲೇ ಇರಬೇಕು.

ಪಾಟೀಲರು ಕಲಬುರಗಿಯಲ್ಲಿ ವಕೀಲಿ ನಡೆಸಿದ ಕಾಲವು ಮಹಾ ಪಲ್ಲಟದ ಕಾಲವಾಗಿತ್ತು. ೧೯೪೭ರಲ್ಲಿ ದೇಶವು ಸ್ವತಂತ್ರವಾದರೂ ಹೈದರಾಬಾದು ಹೊರಗೆ ಉಳಿಯಿತು. ರಜಾಕಾರರ ಹಾವಳಿಯಿಂದ ಬೆದರಿ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ವಿಜಾಪುರಗಳ ಕಡೆಗೆ ಹೋಗಿ ತಲೆ ಉಳಿಸಿಕೊಂಡವು. ೧೯೪೮ರ ಸೆಪ್ಟೆಂಬರ ತಿಂಗಳಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ಕೂಡಿತು. ಮರುವರ್ಷವೇ ಜಹಗೀರುಗಳು ರದ್ದಾದವು. ೧೯೫೦ರಲ್ಲಿ ಗೇಣಿ ಹಾಗೂ ಕೃಷಿಭೂಮಿಯ ಕಾಯಿದೆ ಬಂದು, ಉಳುವವನಿಗೆ ರಕ್ಷಿತ ಗೇಣಿದಾರನೆಂಬ ಹೆಸರೂ ಹಕ್ಕೂ ದೊರೆತವು. ಹಕ್ಕು ಕಾಗದದ ಮೇಲೆ ಬರುವುದು ಬೇರೆ, ಕೈಗೆ ಬರುವುದು ಬೇರೆ. ಆ ನಡುವಿನ ದೂರವನ್ನು ಕ್ರಮಿಸುವುದು ನ್ಯಾಯಾಲಯದ ಅಂಗಳದಲ್ಲಿ. ಕಾಯಿದೆಯ ಒಂದು ಸಾಲು ಬದಲಾದರೆ ಸಾವಿರ ಒಲೆಗಳ ಬೆಂಕಿ ಉರಿಯುವುದೋ ಆರುವುದೋ ನಿರ್ಧಾರವಾಗುತ್ತದೆ ಎಂಬುದನ್ನು ಅಂದಿನ ವಕೀಲರು ಕಣ್ಣಾರೆ ಕಂಡರು. ಕಾಯಿದೆಯನ್ನು ವಾದಿಸುವುದರಿಂದ ಕಾಯಿದೆಯನ್ನು ಮಾಡುವ ಸಭೆಗೆ ಹೋಗುವುದು ಅವರಿಗೆ ಒಂದೇ ಹೆಜ್ಜೆ.

ಆ ಹೆಜ್ಜೆಯನ್ನು ಪಾಟೀಲರು ೧೯೫೨ರಲ್ಲಿ ಇಟ್ಟರು. ವಯಸ್ಕರೆಲ್ಲರೂ ಮತ ನೀಡಿದ ಪ್ರಥಮ ಮಹಾಚುನಾವಣೆ ಅದು. ಹೈದರಾಬಾದು ಶಾಸನಸಭೆಗೆ ಅವರು ನಿಂತದ್ದು ಹುಟ್ಟೂರಿನಿಂದಲ್ಲ, ಆಳಂದದಿಂದ. ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಅಲ್ಲಿಂದಲೇ ಆರಿಸಿಬಂದರು. ಆಗ ಅವರಿಗೆ ೨೮ ವರ್ಷ. ಆಳಂದವು ಮರಾಠಿ ಸೀಮೆಗೆ ಹೊಂದಿಕೊಂಡ ಗಡಿ ತಾಲೂಕು. ಲಾಡ್ಲೆ ಮಶಾಯಕರ ದರ್ಗಾ, ರಾಮಯ್ಯನ ಸ್ಮೃತಿ, ಕನ್ನಡ, ಮರಾಠಿ, ಉರ್ದು ಎಲ್ಲವೂ ಒಂದೇ ಬೀದಿಯಲ್ಲಿ ಎದುರಾಗುವ ಊರು. ನಿನ್ನೆಯವರೆಗೆ ಧಣಿಯ ಮುಂದೆ ತಲೆಯೆತ್ತದಿದ್ದ ಕೂಲಿಯವನೂ, ಮನೆಯ ಹೊಸ್ತಿಲ ಹೊರಗಿನ ವ್ಯವಹಾರದಲ್ಲಿ ಹೆಸರಿಲ್ಲದಿದ್ದ ಗೃಹಿಣಿಯೂ ಧಣಿಯಷ್ಟೇ ತೂಕದ ಒಂದೊಂದು ಮತವನ್ನು ಪೆಟ್ಟಿಗೆಯಲ್ಲಿ ಹಾಕಿದರು. ಅನುಭವಮಂಟಪದ ಹೆಸರನ್ನು ನಿತ್ಯ ನೆನೆಯುವವರ ನಾಡಿನಲ್ಲಿ ಈ ಸಮಾನತೆಯು ಕಾಯಿದೆಯ ರೂಪದಿಂದ ಬರಲು ಎಂಟು ನೂರು ವರ್ಷ ಹಿಡಿದವು.

ಆ ಶಾಸನಸಭೆಯ ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾಯರೂ ವಕೀಲರೇ. ಸಭೆಯಲ್ಲಿ ತೆಲುಗರು, ಮರಾಠಿಗರು, ಕನ್ನಡಿಗರು ಕೂಡಿ ಕುಳಿತಿದ್ದರೂ ಪ್ರತಿಯೊಬ್ಬರ ಮನಸ್ಸು ತಂತಮ್ಮ ಭಾಷೆಯ ನಾಡಿನತ್ತ ತಿರುಗಿತ್ತು. ೧೯೫೬ರ ನವೆಂಬರ ೧ರಂದು ಸಂಸ್ಥಾನವು ಮೂರು ಪಾಲಾಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದಿನಲ್ಲಿ ಕುಳಿತಿದ್ದ ಈ ಭಾಗದ ಶಾಸಕರು ಬೆಂಗಳೂರಿಗೆ ಬಂದು ಹೊಸ ಸಭೆಯಲ್ಲಿ ಕುಳಿತರು. ಬಯಸಿ ಬಂದ ಮನೆಯಾದರೂ ಹೊಸ ಮನೆ ಹೊಸದೇ. ಹಳೆಯ ಮೈಸೂರಿನ ಕಚೇರಿಯ ರೀತಿ ಬೇರೆ, ಮುಂಬಯಿ ಕರ್ನಾಟಕದವರ ಕಾಯಿದೆ ಬೇರೆ, ಉರ್ದುವಿನಲ್ಲಿ ಕಾನೂನು ಕಲಿತು ಬಂದವರ ಪದಗಳೇ ಬೇರೆ. ತಹಶೀಲು, ಪಟ್ಟೇದಾರ ಮುಂತಾದ ಮಾತುಗಳನ್ನು ಆಡುವ ಕಲಬುರಗಿಯವರನ್ನು ಬೆಂಗಳೂರು ಕೆಲಕಾಲ ಅತಿಥಿಗಳಂತೆಯೇ ನೋಡಿತೆಂದರೆ ಸುಳ್ಳಾಗದು.

ಪಾಟೀಲರು ಅತಿಥಿಯಾಗಿ ಉಳಿಯಲಿಲ್ಲ. ೧೯೫೭, ೧೯೬೨, ೧೯೬೭ರ ಮೂರೂ ಚುನಾವಣೆಗಳಲ್ಲಿ ಚಿಂಚೋಳಿಯಿಂದ ಆರಿಸಿಬಂದರು. ನಿಜಲಿಂಗಪ್ಪನವರ ಗಮನವು ಬೇಗನೆ ಇವರ ಮೇಲೆ ಬಿದ್ದಿತು. ಉಪಮಂತ್ರಿಯಾಗಿ ತೊಡಗಿ, ಮುಂದೆ ಲೋಕೋಪಯೋಗಿ ಖಾತೆಯಂಥ ದೊಡ್ಡ ಹೊಣೆಯನ್ನು ಹೊತ್ತರು. ರಸ್ತೆ, ಸೇತುವೆ, ಕಟ್ಟಡಗಳ ಈ ಖಾತೆಯಲ್ಲಿ ಹಣ ಹೊಳೆಯಂತೆ ಹರಿಯುತ್ತದೆ. ಹೊಳೆಯ ದಂಡೆಯಲ್ಲಿ ನಿಂತವನ ಕಾಲು ತೇವವಾಗದಿರುವುದು ಕಷ್ಟ. ಕಡತವನ್ನು ಕೊನೆಯ ಹಾಳೆಯ ತನಕ ಓದಿ ಸಹಿ ಮಾಡುವ ವಕೀಲನ ಅಭ್ಯಾಸವು ಇಲ್ಲಿ ಅವರ ನೆರವಿಗೆ ಬಂದಿತು. ಮಿತಭಾಷಿಗಳು, ಆಡಳಿತದಲ್ಲಿ ಬಿಗಿ, ಕೇಳಿದವರಿಗೆಲ್ಲ ಆಗಲೆನ್ನುವ ಸ್ವಭಾವವಿಲ್ಲ, ಇದು ಅವರಿಗೆ ಬಂದ ಹೆಸರು. ಉತ್ತರಕನ್ನಡದ ರಾಮಕೃಷ್ಣ ಹೆಗಡೆಯವರೂ ಇವರೂ ನಿಜಲಿಂಗಪ್ಪನವರ ಎರಡು ಭುಜಗಳಂತಿದ್ದರು. ಜನರು ಇವರೀರ್ವರನ್ನು ಲವಕುಶರೆಂದು ಕರೆಯುತ್ತಿದ್ದರು.

೧೯೬೮ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನಕ್ಕೆ ಹೋಗಲು, ಮುಖ್ಯಮಂತ್ರಿಯ ಸ್ಥಾನವು ತೆರವಾಯಿತು. ಆ ವರ್ಷದ ಮೇ ೨೯ರಂದು ವೀರೇಂದ್ರ ಪಾಟೀಲರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ವಯಸ್ಸು ೪೪. ಹೈದರಾಬಾದು ಕರ್ನಾಟಕದಿಂದ ಆ ಸ್ಥಾನಕ್ಕೆ ಬಂದವರಲ್ಲಿ ಇವರೇ ಮೊದಲಿಗರು. ರಾಜ್ಯಗಳ ಪುನರ್ವಿಂಗಡಣೆಯಾಗಿ ಹನ್ನೆರಡು ವರ್ಷಗಳೂ ತುಂಬಿರಲಿಲ್ಲ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡ ಭಾಗಗಳು ಇತ್ತ ಬರಬೇಕೆಂದು ಹೇಳಿದ ಮಹಾಜನ ಆಯೋಗದ ವರದಿಯು ಹಿಂದಿನ ವರ್ಷವಷ್ಟೇ ಸಲ್ಲಿಕೆಯಾಗಿ ಗಡಿಯಲ್ಲಿ ವಾತಾವರಣ ಕಾದಿತ್ತು. ಆಳಂದ, ಅಫಜಲಪುರಗಳ ಜನರಿಗೆ ಅದು ಪತ್ರಿಕೆಯ ಸುದ್ದಿಯಲ್ಲ. ಅಕ್ಕಲಕೋಟೆಯು ಅವರಿಗೆ ಹೆಣ್ಣು ಕೊಟ್ಟು ತಂದ ಊರು. ಆ ವರದಿಯು ಜಾರಿಗೆ ಬರಲಿಲ್ಲ.

ಮುಖ್ಯಮಂತ್ರಿಯ ಪದವಿಯು ಸ್ಥಿರವಾಗಿ ನಿಲ್ಲುವ ಮೊದಲೇ ಪಕ್ಷವು ಬಿರುಕು ಬಿಟ್ಟಿತು. ೧೯೬೯ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲಬಾಗಿನ ಗಾಜಿನ ಮನೆಯಲ್ಲಿ ಕೂಡಿದ ಕಾಂಗ್ರೆಸ್ ಸಭೆಯಿಂದಲೇ ಆ ಬಿರುಕು ಎಲ್ಲರ ಕಣ್ಣಿಗೆ ಬಿದ್ದದ್ದು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿಯವರು, ಇನ್ನೊಂದು ಕಡೆ ಅಧ್ಯಕ್ಷ ನಿಜಲಿಂಗಪ್ಪನವರು. ನವೆಂಬರದಲ್ಲಿ ಕಾಂಗ್ರೆಸ್ಸು ಎರಡಾಯಿತು. ಗಾಳಿ ಯಾವ ಕಡೆ ಬೀಸುತ್ತಿದೆಯೆಂಬುದು ಪಾಟೀಲರಂಥ ಚತುರರಿಗೆ ತಿಳಿಯದ ವಿಷಯವಲ್ಲ. ಆದರೂ ತಮ್ಮನ್ನು ಬೆಳೆಸಿದ ಹಿರಿಯರನ್ನು ಬಿಟ್ಟು ಅವರು ಕದಲಲಿಲ್ಲ. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ ೨೭ ಸ್ಥಾನಗಳಲ್ಲಿ ೨೭ನ್ನೂ ಇಂದಿರಾ ಕಾಂಗ್ರೆಸ್ಸು ಗೆದ್ದಿತು. ನಿನ್ನೆ ಕೈ ಮುಗಿದು ನಿಂತ ಶಾಸಕರು ಇಂದು ಆಚೆಯ ಸಾಲಿನಲ್ಲಿ ಕುಳಿತರು. ಮಾರ್ಚ್ ೧೮ರಂದು ಪಾಟೀಲರ ಸರ್ಕಾರವು ಕೊನೆಗೊಂಡಿತು. ರಾಷ್ಟ್ರಪತಿ ಆಳ್ವಿಕೆಯು ಒಂದು ವರ್ಷ ನಡೆದ ಮೇಲೆ ದೇವರಾಜ ಅರಸರ ಕಾಲ ಬಂದಿತು.

ಪದವಿಯಿಲ್ಲದ ವರ್ಷಗಳನ್ನು ಅವರು ೧೯೭೨ರಿಂದ ೧೯೭೮ರವರೆಗೆ ರಾಜ್ಯಸಭೆಯ ಸದಸ್ಯರಾಗಿ ಕಳೆದರು. ತುರ್ತು ಪರಿಸ್ಥಿತಿಯ ತರುವಾಯ ಹಳೆಯ ಕಾಂಗ್ರೆಸ್ಸು ಜನತಾ ಪಕ್ಷದಲ್ಲಿ ಬೆರೆಯಿತು. ಪಾಟೀಲರು ರಾಜ್ಯದಲ್ಲಿ ಆ ಪಕ್ಷದ ಮುಂದಾಳುಗಳಲ್ಲಿ ಒಬ್ಬರಾದರು. ೧೯೭೮ರ ನವೆಂಬರದಲ್ಲಿ ದೇಶವೇ ಚಿಕ್ಕಮಗಳೂರಿನ ಕಡೆಗೆ ಕಣ್ಣು ನೆಟ್ಟಿತು. ಸೋತಿದ್ದ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಲು ಅಲ್ಲಿಯ ಉಪಚುನಾವಣೆಯನ್ನು ಆರಿಸಿಕೊಂಡರು. ಎದುರಿಗೆ ನಿಲ್ಲಲು ಜನತಾ ಪಕ್ಷವು ಆರಿಸಿದ್ದು ವೀರೇಂದ್ರ ಪಾಟೀಲರನ್ನು. ಬಯಲು ಸೀಮೆಯ ಜೋಳದ ನಾಡಿನವರಿಗೆ ಮಲೆನಾಡಿನ ಕಾಫಿ ತೋಟಗಳ ನಡುವೆ ಮತ ಕೇಳುವ ಸರದಿ. ಮಳೆ, ಚಳಿ, ದೇಶವಿದೇಶಗಳ ಪತ್ರಿಕಾಕರ್ತರ ಗದ್ದಲ. ಫಲವು ಎಲ್ಲರೂ ಎಣಿಸಿದಂತೆಯೇ ಆಯಿತು. ಸುಮಾರು ೭೭ ಸಾವಿರ ಮತಗಳ ಅಂತರದಿಂದ ಪಾಟೀಲರು ಸೋತರು. ಸೋತರೂ ಅವರ ಹೆಸರು ಆ ಒಂದು ತಿಂಗಳಲ್ಲಿ ದೇಶದ ಮೂಲೆಮೂಲೆಗೆ ಮುಟ್ಟಿತು.

ಇಲ್ಲಿಂದ ಮುಂದಿನ ತಿರುವನ್ನು ಮುಚ್ಚಿಟ್ಟು ಚರಿತ್ರೆ ಬರೆಯುವುದು ನ್ಯಾಯವಲ್ಲ. ಚಿಕ್ಕಮಗಳೂರಿನಲ್ಲಿ ಯಾರ ವಿರುದ್ಧ ನಿಂತು ಮತ ಕೇಳಿದರೋ ಅವರ ಪಕ್ಷದಿಂದಲೇ ಒಂದು ವರ್ಷದ ಮೇಲೆ, ೧೯೮೦ರ ಜನವರಿಯಲ್ಲಿ, ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿಬಂದರು. ಜನತಾ ಪಕ್ಷವು ತನ್ನ ಒಳಜಗಳದಿಂದಲೇ ಒಡೆದುಹೋಗಿತ್ತು, ನಿಲ್ಲಲು ನೆಲೆಯೇ ಉಳಿದಿರಲಿಲ್ಲ ಎಂದು ಅವರ ಪರವಾಗಿ ಹೇಳಬಹುದು. ೧೯೬೯ರಲ್ಲಿ ಅಧಿಕಾರಕ್ಕಿಂತ ನಿಷ್ಠೆ ದೊಡ್ಡದೆಂದವರು ೧೯೮೦ರಲ್ಲಿ ಹಾಗೆ ಮಾಡಲಿಲ್ಲ ಎಂದು ಎದುರು ಪಕ್ಷದವರೂ ಹೇಳಬಹುದು. ಎರಡು ಮಾತುಗಳಲ್ಲಿಯೂ ಹುರುಳುಂಟು. ಕಾಯಿದೆ ಬಲ್ಲವರು ಒಂದೇ ವ್ಯಾಜ್ಯದ ಎರಡೂ ಬದಿಗಳನ್ನು ಸಮರ್ಥವಾಗಿ ವಾದಿಸಬಲ್ಲರು. ರಾಜಕಾರಣದಲ್ಲಿ ಆ ಜಾಣ್ಮೆಯನ್ನು ಜನರು ಅಷ್ಟು ಸುಲಭವಾಗಿ ಮೆಚ್ಚುವುದಿಲ್ಲ. ಇಂದಿರಾ ಗಾಂಧಿಯವರು ಮಾತ್ರ ಹಳೆಯದನ್ನು ಮನಸ್ಸಿನಲ್ಲಿಡದೆ ಅವರನ್ನು ಮಂತ್ರಿಮಂಡಲಕ್ಕೆ ತೆಗೆದುಕೊಂಡರು. ಪೆಟ್ರೋಲಿಯಂ ಮತ್ತು ರಸಾಯನ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ಅವರು ಒಂದರ ಬಳಿಕ ಒಂದರಂತೆ ನಿರ್ವಹಿಸಿದರು.

೧೯೮೪ರ ಡಿಸೆಂಬರದಲ್ಲಿ ಕಲಬುರಗಿಯೇ ಅವರನ್ನು ಲೋಕಸಭೆಗೆ ಕಳುಹಿಸಿತು. ವಕೀಲಿ ತೊಡಗಿದ ಊರಿಗೆ ಪ್ರತಿನಿಧಿಯಾಗುವ ಯೋಗವು ಅರವತ್ತನೆಯ ವಯಸ್ಸಿನಲ್ಲಿ ಬಂದಿತು. ಜೇವರ್ಗಿಯ ಹೊಲಗಳ ರೈತರೂ ಅವರ ಮತದಾರರಲ್ಲಿ ಸೇರಿದ್ದರು. ಆ ಜೇವರ್ಗಿಯಿಂದ ೧೯೭೮ರಲ್ಲಿಯೇ ವಿಧಾನಸಭೆಗೆ ಆರಿಸಿಬಂದಿದ್ದ ನೆಲೋಗಿಯ ಧರ್ಮಸಿಂಗರೂ ಉಸ್ಮಾನಿಯಾದ ಕಾನೂನು ಪದವೀಧರರೇ, ಕಲಬುರಗಿಯ ವಕೀಲರೇ. ೨೦೦೪ರಲ್ಲಿ ಅವರೂ ಮುಖ್ಯಮಂತ್ರಿಯಾದರು, ೨೦೧೭ರಲ್ಲಿ ನಿಧನರಾದರು. ಒಂದೇ ಜಿಲ್ಲಾ ನ್ಯಾಯಾಲಯದ ಕರಿಯ ಕೋಟು ಕಳಚಿಟ್ಟವರಲ್ಲಿ ಈರ್ವರು ನಾಡಿನ ಮುಖ್ಯಮಂತ್ರಿಗಳಾದದ್ದು ಸಾಮಾನ್ಯ ಸಂಗತಿಯಲ್ಲ.

ಪಾಟೀಲರ ಬಾಳಿನ ಅತ್ಯಂತ ದೊಡ್ಡ ಜಯವೂ ಅತ್ಯಂತ ದೊಡ್ಡ ನೋವೂ ಒಂದು ವರ್ಷದೊಳಗೆ ಬಂದವು. ೧೯೮೯ರ ಏಪ್ರಿಲದಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಗಿತ್ತು. ನವೆಂಬರದ ಚುನಾವಣೆಗೆ ರಾಜ್ಯ ಕಾಂಗ್ರೆಸ್ಸನ್ನು ಮುನ್ನಡೆಸಿದವರು ವೀರೇಂದ್ರ ಪಾಟೀಲರು. ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ನೆಲ ಕಚ್ಚಿ ರಾಜೀವ ಗಾಂಧಿಯವರು ಪ್ರಧಾನಿ ಪದವಿಯನ್ನು ಕಳೆದುಕೊಂಡ ಅದೇ ಚುನಾವಣೆಯಲ್ಲಿ ಕರ್ನಾಟಕವು ೨೨೪ ಸ್ಥಾನಗಳಲ್ಲಿ ೧೭೮ನ್ನು ಆ ಪಕ್ಷಕ್ಕೆ ಕೊಟ್ಟಿತು. ಚಿಂಚೋಳಿಯಿಂದ ಮತ್ತೆ ಆರಿಸಿಬಂದ ಪಾಟೀಲರು ನವೆಂಬರ ೩೦ರಂದು ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದರು. ಮೊದಲ ಸಲ ಇಳಿದು ೧೮ ವರ್ಷಗಳು ಕಳೆದಿದ್ದವು.

ಈ ಎರಡನೆಯ ಆಡಳಿತದಲ್ಲಿ ಗೃಹಸ್ಥರು ನೆನಪಿಡಬೇಕಾದದ್ದು ಸಾರಾಯಿಯ ಸಂಗತಿ. ಆ ಕಾಲದಲ್ಲಿ ಸಾರಾಯಿಯ ಅಂಗಡಿಯಿಲ್ಲದ ಹಳ್ಳಿಯನ್ನು ಹುಡುಕಬೇಕಾಗಿತ್ತು. ಹೊಲದಲ್ಲಿ ದಿನವೆಲ್ಲ ದುಡಿದ ಕೂಲಿಯು ಮನೆಯ ಹೊಸ್ತಿಲು ಮುಟ್ಟುವ ಮೊದಲೇ ಅಂಗಡಿಯ ಹಲಗೆಯ ಮೇಲೆ ಕರಗಿಹೋಗುತ್ತಿತ್ತು. ಮಕ್ಕಳು ಹಸಿದು ಮಲಗುತ್ತಿದ್ದರು. ಕಾಯಕದ ಫಲವು ದಾಸೋಹಕ್ಕೆ ಸಲ್ಲಬೇಕೆಂಬ ತತ್ತ್ವವನ್ನು ಕೇಳುತ್ತ ಬಂದ ನಾಡಿನಲ್ಲಿ ಅದು ಗುತ್ತಿಗೆದಾರನ ಪೆಟ್ಟಿಗೆಗೆ ಸಲ್ಲುತ್ತಿತ್ತು. ಅಂಗಡಿಗಳ ಗುತ್ತಿಗೆ ಹಿಡಿದವರೂ ಸಾರಾಯಿಯನ್ನು ಸೀಸೆ ತುಂಬಿಸುವವರೂ ಸೇರಿ ಅಪಾರ ಹಣದ ಒಡೆಯರಾಗಿದ್ದರು. ಲೆಕ್ಕಕ್ಕೆ ಬರುವ ಸಾರಾಯಿಯ ಪಕ್ಕದಲ್ಲಿಯೇ ಲೆಕ್ಕಕ್ಕೆ ಬಾರದ ಸಾರಾಯಿಯೂ ಹರಿಯುತ್ತಿತ್ತು. ಬೊಕ್ಕಸಕ್ಕೆ ಸಲ್ಲಬೇಕಾದ ಸುಂಕವು ಖಾಸಗಿ ಕೈಗಳಲ್ಲಿ ಉಳಿಯುತ್ತಿತ್ತು. ಆ ಹಣವು ಚುನಾವಣೆಗಳಲ್ಲಿ ಎಲ್ಲ ಪಕ್ಷಗಳ ಅಂಗಳಕ್ಕೂ ಬಂದು ಬೀಳುತ್ತಿತ್ತೆಂಬುದು ಜನಜನಿತ.

ಪಾಟೀಲರು ಸೀಸೆ ತುಂಬುವ ಕೆಲಸವನ್ನು ಖಾಸಗಿಯವರಿಂದ ತೆಗೆದು ಸರ್ಕಾರದ ಒಡೆತನದ ಸಂಸ್ಥೆಗಳಿಗೆ ವಹಿಸಲು ಮುಂದಾದರು. ಮೂಲದಲ್ಲಿಯೇ ಲೆಕ್ಕ ಹಿಡಿದರೆ ಕಳ್ಳ ಸಾರಾಯಿಗೆ ದಾರಿ ಕಿರಿದಾಗುತ್ತದೆ, ಸುಂಕವು ಬೊಕ್ಕಸಕ್ಕೆ ನೇರ ಬರುತ್ತದೆ ಎಂಬುದು ಇದರ ಹಿಂದಿನ ಸರಳ ಯುಕ್ತಿ. ಆ ದಂಧೆಯವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿರಲಿಲ್ಲ. ಇಂಥ ನಿಯಮಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು. ೧೯೯೪ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನಪೀಠವು ಮದ್ಯದ ವ್ಯಾಪಾರವು ಯಾರ ಮೂಲಭೂತ ಹಕ್ಕೂ ಅಲ್ಲವೆಂದೂ, ಸರ್ಕಾರವು ಅದನ್ನು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬಹುದೆಂದೂ ತೀರ್ಮಾನಿಸಿತು. ಪಾಟೀಲರು ಪಾನನಿಷೇಧ ತಂದವರೆಂದು ಹೊಗಳುವುದು ತಪ್ಪು. ಅವರು ಸಾರಾಯಿಯನ್ನು ನಿಲ್ಲಿಸಲಿಲ್ಲ, ಅದರ ಲೆಕ್ಕವನ್ನು ನಿಲ್ಲಿಸಿದರು. ಹಣೆಗೆ ವಿಭೂತಿ ಧರಿಸುವ ಮನೆತನದ ಮುಖ್ಯಮಂತ್ರಿಯೊಬ್ಬನ ಸರ್ಕಾರವೇ ಸಾರಾಯಿ ತುಂಬಿಸಿತೆಂದು ಟೀಕಿಸುವವರ ಮಾತಿಗೂ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಸಾರಾಯಿಯು ಪೂರ್ಣವಾಗಿ ನಿಷಿದ್ಧವಾದದ್ದು ೨೦೦೭ರ ಜುಲೈ ೧ರಿಂದ, ಅವರು ತೀರಿಹೋಗಿ ಹತ್ತು ವರ್ಷಗಳಾದ ಮೇಲೆ. ಆದರೆ ಆ ಕೋಟೆಯ ಗೋಡೆಗೆ ಮೊದಲ ಗುದ್ದಲಿ ಹಾಕಿದ ಕೈಗಳಲ್ಲಿ ಅವರದೂ ಒಂದೆಂಬುದನ್ನು ಒಪ್ಪಲೇಬೇಕು.

ಶತ್ರುಗಳು ಹೊರಗೆ ಮಾತ್ರ ಇರಲಿಲ್ಲ. ೧೭೮ ಶಾಸಕರಲ್ಲಿ ಮಂತ್ರಿಯಾಗಬಯಸಿದವರು ಬಹಳ, ಆದವರು ಕೆಲವರು. ವರ್ಗಾವಣೆಯ ಚೀಟಿ ಹಿಡಿದು ಬಂದವರಿಗೆ ಮುಖ್ಯಮಂತ್ರಿಯ ಕೊಠಡಿಯಲ್ಲಿ ನಗುಮುಖದ ಸ್ವಾಗತವಿರಲಿಲ್ಲ. ಬಿಗಿ ಆಡಳಿತಗಾರನ ಗುಣಗಳೇ ಪಕ್ಷದ ನಾಯಕನ ದೋಷಗಳಾಗಿ ಎಣಿಕೆಯಾಗತೊಡಗಿದವು. ಅತೃಪ್ತರು ದೆಹಲಿಯ ದಾರಿಯನ್ನು ಚೆನ್ನಾಗಿ ಬಲ್ಲವರು.

೧೯೯೦ರ ಶರತ್ಕಾಲದಲ್ಲಿ ಪಾಟೀಲರು ಗಂಭೀರವಾಗಿ ಕಾಯಿಲೆ ಬಿದ್ದರು. ಅವರು ಹಾಸಿಗೆಯಲ್ಲಿದ್ದಾಗಲೇ, ಅಕ್ಟೋಬರದ ಮೊದಲ ದಿನಗಳಲ್ಲಿ, ಚನ್ನಪಟ್ಟಣ, ರಾಮನಗರ, ಕೋಲಾರ, ದಾವಣಗೆರೆಗಳಲ್ಲಿ ಹಿಂದೂ ಮುಸಲ್ಮಾನರ ನಡುವೆ ಗಲಭೆಗಳು ಎದ್ದು ಹಲವರು ಪ್ರಾಣ ಕಳೆದುಕೊಂಡರು. ಆಳಂದದ ದರ್ಗಾ, ಮಠಗಳ ಜನರು ಕೂಡಿ ಹಾಕಿದ ಮತಗಳಿಂದ ರಾಜಕಾರಣಕ್ಕೆ ಬಂದವರಿಗೆ ಇದು ಎಂಥ ವೇದನೆಯನ್ನು ತಂದಿತೋ ಊಹಿಸಬಹುದು. ಮುಖ್ಯಮಂತ್ರಿಯು ಏಳಲಾರದ ಸ್ಥಿತಿಯಲ್ಲಿರುವಾಗ ಆಡಳಿತದ ಕೈ ಸಡಿಲವಾಗಿತ್ತೆಂಬ ದೂರು ಸುಳ್ಳಲ್ಲ. ನಾಡು ಉರಿಯುವಾಗ ಹೊಣೆ ಹೊರುವವರೊಬ್ಬರು ಎದ್ದು ನಿಂತಿರಬೇಕು ಎಂಬ ವಾದಕ್ಕೂ ತೂಕವುಂಟು. ತಪ್ಪು ನಡೆದದ್ದು ರೀತಿಯಲ್ಲಿ. ಪಕ್ಷದ ಅಧ್ಯಕ್ಷರಾಗಿದ್ದ ರಾಜೀವ ಗಾಂಧಿಯವರು ಗಲಭೆಯ ಊರುಗಳನ್ನು ನೋಡಲು ಬಂದು, ಮರಳಿ ಹೋಗುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು, ರಾಜ್ಯಕ್ಕೆ ಹೊಸ ನಾಯಕನ ಆಯ್ಕೆಯಾಗುವುದೆಂದು ಪತ್ರಿಕಾಕರ್ತರಿಗೆ ಸಾರಿದರು. ೧೭೮ ಸ್ಥಾನಗಳನ್ನು ಗಳಿಸಿಕೊಟ್ಟ ಹಿರ                            ಿಯನ ಭವಿಷ್ಯವು ನಾಡಿಗೆ ತಿಳಿದದ್ದು ಹಾಗೆ.

ರೋಗಪೀಡಿತ ಶರೀರದಲ್ಲಿ ಹಳೆಯ ವಕೀಲನು ಒಮ್ಮೆ ಎದ್ದು ಕುಳಿತನು. ತಾವು ಶಾಸಕಾಂಗ ಪಕ್ಷದ ನಾಯಕರು. ಶಾಸಕರು ಆರಿಸಿದವರನ್ನು ಶಾಸಕರೇ ಇಳಿಸಬೇಕು, ವಿಮಾನ ನಿಲ್ದಾಣದ ಮಾತಿಗೆ ಸಂವಿಧಾನದಲ್ಲಿ ಸ್ಥಾನವಿಲ್ಲ ಎಂಬ ನಿಲುವನ್ನು ತಳೆದು ಅವರು ರಾಜೀನಾಮೆಗೆ ಒಪ್ಪಲಿಲ್ಲ. ಎರಡು ಪಕ್ಕಗಳ ಜಗ್ಗಾಟದಲ್ಲಿ ಅಕ್ಟೋಬರ ೧೦ರಂದು ರಾಷ್ಟ್ರಪತಿ ಆಳ್ವಿಕೆಯನ್ನು ಹೇರಲಾಯಿತು. ಒಂದು ವಾರ ಕಳೆದು, ೧೭ರಂದು, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಹನ್ನೊಂದು ತಿಂಗಳೂ ತುಂಬದ ಆಡಳಿತ ಅಲ್ಲಿಗೆ ಮುಗಿಯಿತು.

ಬಿಜ್ಜಳನ ಭಂಡಾರಿಯ ಪದವಿಯನ್ನು ತೊರೆದು ಕಲ್ಯಾಣದಿಂದ ಹೊರಟ ಬಸವಣ್ಣನವರ ಕಥೆಯನ್ನು ಇಲ್ಲಿ ನೆನೆಯುವವರುಂಟು. ಚಿಂಚೋಳಿಗೆ ಬಸವಕಲ್ಯಾಣವು ದೂರವೂ ಅಲ್ಲ. ಆದರೆ ಆ ಹೋಲಿಕೆಯನ್ನು ಎಳೆಯುವುದು ಸಲ್ಲ. ಅಣ್ಣನವರು ಬಿಟ್ಟದ್ದು ತತ್ತ್ವಕ್ಕಾಗಿ. ಪಾಟೀಲರಿಂದ ಕಸಿದುಕೊಂಡದ್ದು ರಾಜಕಾರಣಕ್ಕಾಗಿ. ಇವರು ಸಂತರಾಗಿರಲಿಲ್ಲ, ಹಾಗೆಂದು ಹೇಳಿಕೊಂಡವರೂ ಅಲ್ಲ.

ಉತ್ತರ ಕರ್ನಾಟಕದ ವೀರಶೈವ ಲಿಂಗಾಯತ ಜನತೆಗೆ ಆ ವಿಮಾನ ನಿಲ್ದಾಣದ ಮಾತು ಬಹುಕಾಲ ಮರೆಯಲಿಲ್ಲ. ೧೯೯೪ರ ಚುನಾವಣೆಯಲ್ಲಿ ಕಾಂಗ್ರೆಸ್ಸು ೩೪ ಸ್ಥಾನಗಳಿಗೆ ಇಳಿಯಿತು. ಇದಕ್ಕೆ ಪಾಟೀಲರ ಅವಮಾನವೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ನಡುವಿನ ನಾಲ್ಕು ವರ್ಷಗಳ ಆಡಳಿತದ ಪಾಲೂ ಅದರಲ್ಲಿತ್ತು. ಆದರೂ ಹಳ್ಳಿಯ ಕಟ್ಟೆಗಳ ಮೇಲೆ ಮೊದಲು ಬರುತ್ತಿದ್ದ ಮಾತು ಅದೇ.

ಇನ್ನೊಂದು ಲೆಕ್ಕವನ್ನೂ ಇಲ್ಲಿ ಒಪ್ಪಿಸಬೇಕು. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿ ಸಲ್ಲಿಸಿದಾಗ ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿದ್ದು ೩೯. ಅವುಗಳಲ್ಲಿ ೨೧ ಕಲಬುರಗಿ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಎರಡು ಬಾರಿ ಮುಖ್ಯಮಂತ್ರಿಯನ್ನು ಕೊಟ್ಟ ನೆಲದ ಬಾವಿಗಳಲ್ಲಿ ನೀರು ಏರಲಿಲ್ಲ. ಪಾಟೀಲರು ತಮ್ಮ ಸೀಮೆಗೆ ಪಕ್ಷಪಾತ ಮಾಡಲಿಲ್ಲವೆಂಬುದನ್ನು ಬೆಂಗಳೂರಿನವರು ಗುಣವೆಂದು ಹೊಗಳುತ್ತಿದ್ದರು. ಜೋಳದ ಹೊಲದ ರೈತನು ಅದೇ ಮಾತನ್ನು ನಿಟ್ಟುಸಿರಿನೊಂದಿಗೆ ಹೇಳುತ್ತಿದ್ದನು. ಈ ಭಾಗಕ್ಕೆ ವಿಶೇಷ ಸ್ಥಾನವನ್ನು ನೀಡುವ ಸಂವಿಧಾನದ ೩೭೧ (ಜೆ) ವಿಧಿಯು ೨೦೧೨ರ ತಿದ್ದುಪಡಿಯಿಂದ ಬಂದಿತು.

ವೀರೇಂದ್ರ ಪಾಟೀಲರು ೧೯೯೭ರ ಮಾರ್ಚ್ ೧೪ರಂದು ತೀರಿಕೊಂಡರು. ಅವರಿಗೆ ೭೩ ವರ್ಷಗಳಾಗಿದ್ದವು. ಕಲಬುರಗಿಯ ಒಂದು ಬಡಾವಣೆಗೂ, ಹೈದರಾಬಾದು ಕರ್ನಾಟಕ ಶಿಕ್ಷಣ ಸಂಸ್ಥೆಯು ಬೆಂಗಳೂರಿನ ಸದಾಶಿವನಗರದಲ್ಲಿ ನಡೆಸುವ ಮಹಾವಿದ್ಯಾಲಯಕ್ಕೂ ಅವರ ಹೆಸರನ್ನಿಡಲಾಗಿದೆ. ಅವರು ವಕೀಲಿ ತೊಡಗಿದ ಕಾಲದಲ್ಲಿ ಕಲಬುರಗಿಯ ರೈತನು ಅಪೀಲಿಗಾಗಿ ಹೈದರಾಬಾದಿಗೆ, ೧೯೫೬ರ ತರುವಾಯ ಬೆಂಗಳೂರಿಗೆ ಹೋಗಬೇಕಾಗಿತ್ತು. ೨೦೦೮ರ ಜುಲೈ ತಿಂಗಳಲ್ಲಿ ಉಚ್ಚ ನ್ಯಾಯಾಲಯದ ಪೀಠವು ಕಲಬುರಗಿಯಲ್ಲಿಯೇ ತೆರೆಯಿತು. ಆಳಂದದವನು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ತನ್ನ ವ್ಯಾಜ್ಯವನ್ನು ಕೇಳಿ ಸಂಜೆಗೆ ಮನೆ ಸೇರಬಹುದಾಯಿತು.